ಮಕ್ಕಳ ಫುಟ್‌ಬಾಲ್ ಟ್ರೇನಿಂಗ್ ಕಿಟ್: ಹನ್ನೆರಡು ಮಕ್ಕಳಿಗೆ ಎರಡೇ ಚೆಂಡು

ಐದರಿಂದ ಒಂಬತ್ತು ವರ್ಷದ ಮಕ್ಕಳಿಗೆ ಫುಟ್‌ಬಾಲ್ ಕಲಿಸುವವರಿಗೆಂದು ಆನ್‌ಲೈನ್‌ನಲ್ಲಿ ಈಗ ‘ಕಂಪ್ಲೀಟ್ ಟ್ರೇನಿಂಗ್ ಕಿಟ್’ಗಳು ಸಿಗುತ್ತವೆ. ಲೇಬಲ್ ಬೇರೆ ಬೇರೆ, ಒಳಗಿನ ಸಾಮಾನು ಮಾತ್ರ ಹೆಚ್ಚುಕಡಿಮೆ ಒಂದೇ. ಇಲ್ಲಿ ಬಿಚ್ಚಿ ನೋಡಿರುವ ಚೀಲದಲ್ಲಿ ಇದ್ದದ್ದು ಇಷ್ಟು: ಸೈಜ್ 3 ಚೆಂಡು ಎರಡು, ತಟ್ಟೆಯಂಥ ಕೋನ್ ಇಪ್ಪತ್ತನಾಲ್ಕು, ಮಡಚಿಡುವ ಚಿಕ್ಕ ಗೋಲು ಎರಡು, ನಾಲ್ಕು ಮೀಟರ್ ಉದ್ದದ ಅಜಿಲಿಟಿ ಲ್ಯಾಡರ್ (ಹೆಜ್ಜೆ ಹಾಕಲು ನೆಲಕ್ಕೆ ಹಾಸುವ ಪಟ್ಟಿಗಳ ಏಣಿ) ಒಂದು, ಆರು ಇಂಚಿನ ಹರ್ಡಲ್ ನಾಲ್ಕು, ಬಿಬ್ (ತಂಡ ಗುರುತಿಸಲು ಅಂಗಿಯ ಮೇಲೆ ತೊಡಿಸುವ ತೋಳಿಲ್ಲದ ಮೇಲಂಗಿ) ಆರು, ಕೈಪಂಪು, ಒಂದೇ ಒಂದು ಪಿನ್, ಜೊತೆಗೆ ಬಣ್ಣದ ಕೈಪಿಡಿ. ಬೆಲೆ ಸುಮಾರು 3500 ರೂಪಾಯಿ. ‘12 ಮಕ್ಕಳಿಗೆ ಸಾಕು’ ಎಂದು ಚೀಲದ ಮೇಲೆ ಅಚ್ಚಾಗಿದೆ.

ಸಾಕಾಗುವುದಿಲ್ಲ. ಯಾಕೆ ಎಂಬುದನ್ನು ಚೆಂಡಿನಿಂದಲೇ ಶುರುಮಾಡಿ ಹೇಳಬೇಕು. ಈ ವಯಸ್ಸಿನಲ್ಲಿ ಚೆಂಡು ಸರಿಯಿದ್ದರೆ ಅರ್ಧ ಕೆಲಸ ಆದಂತೆ.

ಟೈಲರ್ ಟೇಪು ಸುತ್ತಿ ಅಳೆದರೆ ಈ ಚೆಂಡಿನ ಸುತ್ತಳತೆ 59 ಸೆಂ.ಮೀ., ಅಡುಗೆಮನೆಯ ತಕ್ಕಡಿಯಲ್ಲಿ ತೂಕ 320 ಗ್ರಾಂ. ಸೈಜ್ 3 ಚೆಂಡಿಗೆ ಇದು ಸರಿಯಾದ ಲೆಕ್ಕ. ದೊಡ್ಡವರು ಆಡುವ ಸೈಜ್ 5 ಚೆಂಡಿನ ಸುತ್ತಳತೆ 68ರಿಂದ 70 ಸೆಂ.ಮೀ., ತೂಕ 410ರಿಂದ 450 ಗ್ರಾಂ. ‘ಹೇಗೂ ಬೆಳೆಯುವ ಮಗು, ದೊಡ್ಡ ಚೆಂಡೇ ಇರಲಿ’ ಎಂದು ಸೈಜ್ 5 ತರುವ ಅಪ್ಪಂದಿರು ಬಹಳ. ಇಪ್ಪತ್ತು ಕೆ.ಜಿ. ತೂಗುವ ಮಗು 430 ಗ್ರಾಂ ಚೆಂಡನ್ನು ಒದೆಯುವುದೂ, ಎಪ್ಪತ್ತು ಕೆ.ಜಿ. ತೂಗುವ ಅಪ್ಪ ಒಂದೂವರೆ ಕೆ.ಜಿ. ಚೆಂಡನ್ನು ಒದೆಯುವುದೂ ಲೆಕ್ಕದಲ್ಲಿ ಒಂದೇ. ಎರಡು ಸಲ ಒದ್ದು ಪಾದ ನೊಂದ ಮೇಲೆ ಮಗು ಬೂಟಿನ ತುದಿಯಿಂದ ತಿವಿಯುವುದನ್ನು ಕಲಿತುಬಿಡುತ್ತದೆ. ಆಮೇಲೆ ಆ ಅಭ್ಯಾಸ ಬಿಡಿಸುವುದು ಕಷ್ಟ. ಪುಟಿಯುವ ಎತ್ತರವೂ ಹಾಗೆಯೇ: ದೊಡ್ಡವರ ತೊಡೆಗೆ ಬರುವ ಚೆಂಡು ಮಗುವಿನ ಹೊಟ್ಟೆಗೋ ಎದೆಗೋ ಬಡಿಯುತ್ತದೆ, ಮಗು ಕಣ್ಣು ಮುಚ್ಚಿ ಪಕ್ಕಕ್ಕೆ ಸರಿಯುತ್ತದೆ. ಎಂಟು-ಒಂಬತ್ತು ವರ್ಷದವರೆಗೆ ಸೈಜ್ 3, ಅಲ್ಲಿಂದ ಹನ್ನೆರಡು-ಹದಿಮೂರರವರೆಗೆ ಸೈಜ್ 4, ಅದಾದ ಮೇಲೆ 5.

ಮೇಲ್ಮೈ ರಬ್ಬರಿನದು, ಪಟ್ಟಿಗಳನ್ನು ಹೊಲಿದಿದ್ದಾರೆ. ನಮ್ಮ ಊರುಗಳ ಕೆಮ್ಮಣ್ಣಿನ ಮೈದಾನಕ್ಕೂ ಶಾಲೆಯ ಸಿಮೆಂಟ್ ಅಂಗಳಕ್ಕೂ ಇದೇ ಸರಿ. ನುಣುಪಾದ ಹೊಳೆಯುವ ಸಿಂಥೆಟಿಕ್ ಚರ್ಮದ ಚೆಂಡು ಅಂಗಡಿಯಲ್ಲಿ ಚೆಂದ ಕಾಣುತ್ತದೆ, ಆದರೆ ಗಟ್ಟಿ ನೆಲಕ್ಕೆ ಉಜ್ಜಿ ಉಜ್ಜಿ ಕೆಲವೇ ವಾರಗಳಲ್ಲಿ ಸಿಪ್ಪೆ ಏಳುತ್ತದೆ. ಹೊಲಿಗೆ ನೋಡಲು ಎರಡೂ ಹೆಬ್ಬೆರಳನ್ನು ಒಂದು ಸೇರುವೆಯ ಆಚೀಚೆ ಇಟ್ಟು ಒತ್ತಿ ಅಗಲಿಸಿ. ಬಿಳಿ ದಾರ ಕಂಡರೆ ಅಲ್ಲಿಂದ ನೀರು ಒಳಗಿಳಿದು ಚೆಂಡು ಭಾರವಾಗುತ್ತದೆ. ಈ ಎರಡರಲ್ಲಿ ಒಂದು ಚೆಂಡು ಪಾಸಾಯಿತು, ಇನ್ನೊಂದರಲ್ಲಿ ವಾಲ್ವಿನ ಪಕ್ಕದ ಪಟ್ಟಿಯಲ್ಲಿ ದಾರ ಕಂಡಿತು. ಇನ್ನೊಂದು ಪರೀಕ್ಷೆ: ಬಕೆಟ್ ನೀರಿನಲ್ಲಿ ತೇಲಿಬಿಟ್ಟು ಮೆಲ್ಲಗೆ ತಿರುಗಿಸಿ. ಪ್ರತಿ ಸಲವೂ ಅದೇ ಭಾಗ ಕೆಳಗೆ ಹೋಗಿ ನಿಂತರೆ ಆ ಕಡೆ ಭಾರ ಹೆಚ್ಚಿದೆ ಎಂದರ್ಥ. ಅಂಥ ಚೆಂಡು ನೆಲದ ಮೇಲೆ ನೆಟ್ಟಗೆ ಉರುಳುವುದಿಲ್ಲ. ಚೆಂಡು ಪಾಸ್ ಮಾಡಲು ಕಲಿಯುವ ಮಗು ತಪ್ಪು ತನ್ನದೇ ಅಂದುಕೊಳ್ಳುತ್ತದೆ.

ಗಾಳಿಯ ವಿಷಯ ಎಲ್ಲರೂ ಹಗುರವಾಗಿ ತೆಗೆದುಕೊಳ್ಳುತ್ತಾರೆ. ದೊಡ್ಡವರ ಪಂದ್ಯದ ನಿಯಮ 8.5ರಿಂದ 15.6 ಪಿಎಸ್ಐ (ಗಾಳಿಯ ಒತ್ತಡದ ಅಳತೆ). ಮಕ್ಕಳಿಗೆ ಅದು ಕಲ್ಲು. ವಾಲ್ವಿನ ಸುತ್ತ ಅಚ್ಚಾಗಿರುವ ಒತ್ತಡದ ಕಡಿಮೆ ಅಂಚಿನಲ್ಲೇ ನಿಲ್ಲಿಸಿ. ಗೇಜು ಇಲ್ಲದಿದ್ದರೆ ಹೆಬ್ಬೆರಳಿನಿಂದ ಒತ್ತಿ ನೋಡಿ, ಸುಮಾರು ಒಂದು ಸೆಂಟಿಮೀಟರ್ ತಗ್ಗಬೇಕು. ಬೆಳಿಗ್ಗೆ ಹದವಾಗಿ ತುಂಬಿದ ಚೆಂಡನ್ನು ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿಟ್ಟರೆ ಮಧ್ಯಾಹ್ನಕ್ಕೆ ಎರಡು-ಎರಡೂವರೆ ಪಿಎಸ್ಐ ಏರಿರುತ್ತದೆ. ಮಂಗಳೂರಿನಲ್ಲಿ ತುಂಬಿಸಿ ಘಾಟಿ ಹತ್ತಿಸಿ ಬೆಂಗಳೂರಿಗೆ ತಂದ ಚೆಂಡೂ ಹಾಗೆಯೇ. ಸುಮಾರು 900 ಮೀಟರ್ ಎತ್ತರದಲ್ಲಿ ಹೊರಗಿನ ಗಾಳಿಯ ಒತ್ತಡ ಕಡಿಮೆ, ಆದ್ದರಿಂದ ಚೆಂಡು ಒಂದು ಪಿಎಸ್ಐಗೂ ಹೆಚ್ಚು ಬಿಗಿಯಾಗಿರುತ್ತದೆ. ಟೂರ್ನಮೆಂಟಿಗೆ ಹೋದಾಗ ಮೈದಾನದಲ್ಲೇ ಇನ್ನೊಮ್ಮೆ ಒತ್ತಿ ನೋಡುವುದು ಒಳ್ಳೆಯದು.

ಕಿಟ್‌ನ ಪಂಪು ಪರವಾಗಿಲ್ಲ, ಕೆಲಸ ಮಾಡುತ್ತದೆ. ಪಿನ್ ಒಂದೇ ಕೊಟ್ಟಿರುವುದು ತಪ್ಪು. ಒಣ ಪಿನ್ ಅನ್ನು ಹಾಗೆಯೇ ಚುಚ್ಚಿದರೆ ವಾಲ್ವಿನ ರಬ್ಬರ್ ಸೀಳುತ್ತದೆ, ಇಲ್ಲವೇ ಇಡೀ ವಾಲ್ವ್ ಒಳಗೆ ಜಾರುತ್ತದೆ. ಮೆಡಿಕಲ್ ಸ್ಟೋರಿನ ಗ್ಲಿಸರಿನ್ ಒಂದು ಹನಿ ಸವರಿ, ನೇರವಾಗಿ, ಸ್ವಲ್ಪ ತಿರುಗಿಸುತ್ತಾ ಒಳಗೆ ಬಿಡಬೇಕು. ಅಡುಗೆ ಎಣ್ಣೆ ಬೇಡ, ರಬ್ಬರ್ ಹಾಳಾಗುತ್ತದೆ. ಪಂಪು ಹೊಡೆಯುವಾಗ ಚೆಂಡು ಒಬ್ಬರ ಕೈಯಲ್ಲಿ, ಪಂಪು ಇನ್ನೊಬ್ಬರ ಕೈಯಲ್ಲಿ ಇದ್ದರೆ ಪಿನ್ ಬಾಗುವುದಿಲ್ಲ. ಪಂಕ್ಚರ್ ಅಂಗಡಿಯ ಕಂಪ್ರೆಸರ್‌ಗೆ ಒಡ್ಡುವುದಂತೂ ಬೇಡವೇ ಬೇಡ. ಒಂದೆರಡು ಸೆಕೆಂಡಿನಲ್ಲಿ ಒಳಗಿನ ಗಾಳಿಚೀಲ (ಬ್ಲಾಡರ್) ಉಬ್ಬಿ ಹೊಲಿಗೆ ಬಿಡುತ್ತದೆ.

ಈಗ ಎಣಿಕೆಗೆ ಬರೋಣ. ಹನ್ನೆರಡು ಮಕ್ಕಳು, ಎರಡು ಚೆಂಡು. ಅಂದರೆ ಆರಾರು ಮಕ್ಕಳ ಎರಡು ಸಾಲು. ಒಬ್ಬರ ಸರದಿಗೆ ಇಪ್ಪತ್ತು ಸೆಕೆಂಡ್ ಎಂದಿಟ್ಟುಕೊಂಡರೆ ಹದಿನೈದು ನಿಮಿಷದಲ್ಲಿ ಒಂದು ಮಗುವಿಗೆ ಚೆಂಡು ಸಿಗುವುದು ಎರಡೂವರೆ ನಿಮಿಷ. ಉಳಿದ ಹನ್ನೆರಡೂವರೆ ನಿಮಿಷ ಅದು ಮುಂದಿನವನ ಶರ್ಟು ಎಳೆಯುತ್ತದೆ, ಮಣ್ಣು ಕೆದಕುತ್ತದೆ, ಅಮ್ಮ ಎಲ್ಲಿ ನಿಂತಿದ್ದಾಳೆ ಎಂದು ನೋಡುತ್ತದೆ. ಆಗ ಕೋಚ್ ‘ಈ ಮಕ್ಕಳಿಗೆ ಶಿಸ್ತೇ ಇಲ್ಲ’ ಎನ್ನುತ್ತಾರೆ. ಚೆಂಡಿಲ್ಲದ್ದಕ್ಕೆ ಮಕ್ಕಳ ಮೇಲೆ ದೂರು! ಐದಾರು ವರ್ಷದ ಮಕ್ಕಳಿಗೆ ಪಾಸ್ ಕೊಟ್ಟು ಹಂಚಿಕೊಳ್ಳುವ ಬುದ್ಧಿ ಇನ್ನೂ ಬಂದಿರುವುದಿಲ್ಲ. ‘ನನ್ನ ಚೆಂಡು’ ಎಂಬುದೇ ಅವರ ಆಟ. ತಲೆಗೊಂದು ಚೆಂಡು ಇರಲೇಬೇಕು, ಇಲ್ಲದಿದ್ದರೆ ಇಬ್ಬರಿಗೊಂದಾದರೂ ಇರಲಿ.

ಹೆಚ್ಚುವರಿ ಚೆಂಡು ಕೊಳ್ಳುವಾಗ ಎಡವುವ ಜಾಗ ಒಂದಿದೆ. ಫುಟ್ಸಾಲ್ (ಗಟ್ಟಿ ನೆಲದ ಚಿಕ್ಕ ಅಂಕಣದಲ್ಲಿ ಐವರ ತಂಡಗಳು ಆಡುವ ಆಟ) ಚೆಂಡಿನ ಮೇಲೂ ‘ಸೈಜ್ 4’ ಎಂದೇ ಬರೆದಿರುತ್ತದೆ. ಅದರ ಸುತ್ತಳತೆ 62ರಿಂದ 64 ಸೆಂ.ಮೀ., ತೂಕ ಮಾತ್ರ 400ರಿಂದ 440 ಗ್ರಾಂ, ಹೆಚ್ಚುಕಡಿಮೆ ದೊಡ್ಡವರ ಚೆಂಡಿನಷ್ಟೇ. ಮಾಮೂಲಿ ಸೈಜ್ 4 ಚೆಂಡು 350ರಿಂದ 390 ಗ್ರಾಂ ಒಳಗಿರುತ್ತದೆ. ಗುರುತಿಸುವುದು ಸುಲಭ: ಎರಡು ಮೀಟರ್ ಎತ್ತರದಿಂದ ಬಿಟ್ಟರೆ ಫುಟ್ಸಾಲ್ ಚೆಂಡು ಮೊದಲ ಪುಟಿತಕ್ಕೆ 65 ಸೆಂ.ಮೀ. ದಾಟುವುದಿಲ್ಲ. ಸಿಮೆಂಟ್ ಅಂಗಳದಲ್ಲಿ ಆಡುವ ಹತ್ತು ದಾಟಿದವರಿಗೆ ಅದು ಒಳ್ಳೆಯದೇ, ಆರು ವರ್ಷದವರಿಗಲ್ಲ.

ಚೀಲದಲ್ಲಿ ಕೊಟ್ಟ ಹಣಕ್ಕೆ ನ್ಯಾಯ ಒದಗಿಸುವುದು ಆ ಎರಡು ಚಿಕ್ಕ ಗೋಲುಗಳು. 1.2 ಮೀಟರ್ ಅಗಲ, ಉಕ್ಕಿನ ಸ್ಪ್ರಿಂಗ್ ತಂತಿಯ ಚೌಕಟ್ಟು, ಬಲೆ ಬಿಗಿಯಾಗಿದೆ. ಬೆಲ್ಟು ಬಿಚ್ಚಿದ ತಕ್ಷಣ ತಂತಿ ರಪ್ಪನೆ ಅರಳುವುದರಿಂದ ಮುಖ ದೂರ ಇಟ್ಟುಕೊಂಡು ಬಿಚ್ಚಬೇಕು, ಮಕ್ಕಳ ಕೈಗೆ ಕೊಡಬಾರದು. ಮಡಚುವುದು ಮೊದಲ ವಾರ ತಲೆನೋವು. ಎರಡು ಬದಿಗಳನ್ನು ಸೇರಿಸಿ ಬಾಳೆ ಎಲೆಯಂತೆ ಚಪ್ಪಟೆ ಮಾಡಿ, ಒಂದು ತುದಿ ನೆಲಕ್ಕೆ ಊರಿ, ಮೇಲಿನ ತುದಿಯನ್ನು ಒಳಮುಖವಾಗಿ ಕೆಳಗೆ ಬಗ್ಗಿಸುತ್ತಾ ಮಣಿಕಟ್ಟು ತಿರುಗಿಸಿದರೆ ಅದಾಗಿಯೇ ಸುತ್ತಾಗಿ ಕೂರುತ್ತದೆ. ಬಲವಂತ ಮಾಡಿದಲ್ಲಿ ತಂತಿ ಮುರುಕು ಬೀಳುತ್ತದೆ, ಅಂಥ ಗೋಲು ಆಮೇಲೆ ಯಾವತ್ತೂ ನೆಟ್ಟಗೆ ನಿಲ್ಲುವುದಿಲ್ಲ.

ಜೊತೆಗೆ ಕೊಟ್ಟಿರುವ ಮೊಳೆಗಳು ಮಣ್ಣಿನ ಮೈದಾನಕ್ಕೆ ಸರಿ, ಬೇಸಿಗೆಯ ಗಟ್ಟಿ ಮಣ್ಣಿಗೆ ಮಾತ್ರ ಬಾಗುತ್ತವೆ. ಬಾಡಿಗೆಯ ಕೃತಕ ಹುಲ್ಲಿನ ಟರ್ಫಿನಲ್ಲಿ ಹೊಡೆಯಲೇಬಾರದು, ಹುಲ್ಲುಹಾಸಿನ ತಳ ಹರಿಯುತ್ತದೆ. ಒಂದು ಲೀಟರಿನ ನೀರಿನ ಬಾಟಲಿಗೆ ಮರಳು ತುಂಬಿದರೆ ಸುಮಾರು ಒಂದೂವರೆ ಕೆ.ಜಿ. ಬರುತ್ತದೆ. ಅಂಥ ಎರಡನ್ನು ಬಲೆಯ ಹಿಂದಿನ ಅಂಚಿಗೆ ಕಟ್ಟಿದರೆ ಆಷಾಢದ ಗಾಳಿಗೂ ಅಲ್ಲಾಡುವುದಿಲ್ಲ. ಗೋಲು ಇಷ್ಟು ಚಿಕ್ಕದಿದ್ದರೆ ಕೀಪರ್ ಬೇಕಾಗಿಲ್ಲ. ಏಳು-ಎಂಟು ವರ್ಷದವರೆಗೆ ಯಾವ ಮಗುವನ್ನೂ ಗೋಲಿನಲ್ಲಿ ನಿಲ್ಲಿಸಿಬಿಡಬಾರದು. ನಿಂತ ಮಗು ಓಡುವುದಿಲ್ಲ, ಓಡದ ಮಗು ಕಲಿಯುವುದಿಲ್ಲ.

ಕೋನ್‌ಗಳಲ್ಲಿ ಎರಡು ಥರ ಇವೆ. ಮೆತ್ತನೆಯದನ್ನು ಎರಡಾಗಿ ಮಡಚಿದರೂ ಮತ್ತೆ ಮೊದಲಿನಂತಾಗುತ್ತದೆ. ಗಡುಸಾದದ್ದನ್ನು ಮಡಚಿದರೆ ಬಿಳಿ ಗೆರೆ ಮೂಡುತ್ತದೆ, ಬೂಟು ಬಿದ್ದ ದಿನ ಅಲ್ಲೇ ಸೀಳುತ್ತದೆ, ಸೀಳಿದ ಅಂಚು ಕಾಲು ಗೀರುತ್ತದೆ. ಈ ಕಿಟ್‌ನವು ಮೆತ್ತನೆಯವು, ಸಂತೋಷ. ಬಣ್ಣ ಮಾತ್ರ ಯೋಚಿಸದೆ ಹಾಕಿದ್ದಾರೆ: ಕೇಸರಿ ಹನ್ನೆರಡು, ಹಸಿರು ಹನ್ನೆರಡು. ಕೆಮ್ಮಣ್ಣಿನ ಮೇಲೆ ಕೇಸರಿ ಮಾಯ, ಟರ್ಫಿನ ಮೇಲೆ ಹಸಿರು ಮಾಯ. ಕೆಂಪು-ಹಸಿರು ವ್ಯತ್ಯಾಸ ಕಾಣದ ಗಂಡುಮಕ್ಕಳು ಗುಂಪಿಗೊಬ್ಬರಾದರೂ ಇರಬಹುದು, ಐದು ವರ್ಷಕ್ಕೆ ಮನೆಯವರಿಗೂ ಅದು ಗೊತ್ತಿರುವುದಿಲ್ಲ. ಹಳದಿ ಮತ್ತು ನೀಲಿ ಕೊಂಡರೆ ಎಲ್ಲ ನೆಲಕ್ಕೂ ಎಲ್ಲ ಕಣ್ಣಿಗೂ ಆಗುತ್ತದೆ.

ಲ್ಯಾಡರ್ ಮತ್ತು ಹರ್ಡಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅವು ಬೇಡ. ಲ್ಯಾಡರಿನಲ್ಲಿ ಚೆಂಡಿಲ್ಲ, ಎದುರಾಳಿಯಿಲ್ಲ, ಮಗು ತಲೆ ತಗ್ಗಿಸಿ ತನ್ನ ಕಾಲನ್ನೇ ನೋಡುತ್ತದೆ. ಆಟದಲ್ಲಿ ಬೇಕಾಗಿರುವುದು ತಲೆ ಎತ್ತುವುದು. ಸಿಮೆಂಟಿನ ಮೇಲೆ ಪಟ್ಟಿಗಳು ಜಾರಿ ಮಂಡಿ ತರಚುತ್ತದೆ. ಹರ್ಡಲ್ ಎತ್ತರ ಆರು ಇಂಚು, ಅಂದರೆ 15 ಸೆಂ.ಮೀ.; ಸೈಜ್ 3 ಚೆಂಡಿನ ವ್ಯಾಸ ಸುಮಾರು 19. ‘ಕೆಳಗಿನಿಂದ ಚೆಂಡು ನೂಕಿ, ಮೇಲಿನಿಂದ ನೆಗೆಯಿರಿ’ ಎಂದು ಕೈಪಿಡಿಯಲ್ಲಿ ಚಿತ್ರ ಬರೆದಿದ್ದಾರೆ, ಇದೇ ಕಿಟ್‌ನ ಚೆಂಡು ಇದೇ ಕಿಟ್‌ನ ಹರ್ಡಲ್ ಕೆಳಗೆ ನುಸುಳುವುದಿಲ್ಲ! ಒಂಬತ್ತು ಇಂಚಿನದಾದರೆ ನುಸುಳುತ್ತದೆ.

ಬಿಬ್ ಚೆನ್ನಾಗಿವೆ. ಪಕ್ಕದಲ್ಲಿ ಎಲಾಸ್ಟಿಕ್ ಇದೆ, ಕಟ್ಟುವ ದಾರವಿಲ್ಲ, ಕಂಕುಳು ಅಗಲವಾಗಿಲ್ಲದ್ದರಿಂದ ಓಡುವಾಗ ಕೈ ಸಿಕ್ಕಿಕೊಳ್ಳುವುದಿಲ್ಲ.

ಕೈಪಿಡಿಯ ಮೇಲೆ ಮಾತ್ರ ಗಂಭೀರ ಆಕ್ಷೇಪವಿದೆ. ಎಂಟು ಡ್ರಿಲ್‌ಗಳಲ್ಲಿ ಐದು, ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸುವಂಥವು. ಒಂದರಲ್ಲಿ ಆರು ವರ್ಷದ ಮಗು ಹೆಡಿಂಗ್ (ತಲೆಯಿಂದ ಚೆಂಡು ಹೊಡೆಯುವುದು) ಮಾಡುತ್ತಿದೆ. ಅಮೆರಿಕದ ಫುಟ್‌ಬಾಲ್ ಸಂಸ್ಥೆ ಹತ್ತು ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನವರಿಗೆ ಹೆಡಿಂಗ್ ಬೇಡವೆಂದು 2015ರಲ್ಲೇ ಹೇಳಿತು. ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಎಫ್ಎ 2020ರಲ್ಲಿ ಪ್ರಾಥಮಿಕ ಶಾಲೆಯ ವಯಸ್ಸಿನವರ ತರಬೇತಿಯಿಂದ ಅದನ್ನು ತೆಗೆಯಲು ಸೂಚಿಸಿತು. ಮಗುವಿನ ಕುತ್ತಿಗೆ ಸಣ್ಣದು, ದೇಹಕ್ಕೆ ಹೋಲಿಸಿದರೆ ತಲೆ ದೊಡ್ಡದು. ಆ ಪುಟವನ್ನು ಹರಿದು ಹಾಕಿ. ಕೊನೆಯ ಪುಟದಲ್ಲಿ ಏಳು ಜನರ ತಂಡಕ್ಕೆ ‘ಪೊಸಿಶನ್’ (ಯಾರು ಎಲ್ಲಿ ನಿಲ್ಲಬೇಕೆಂಬುದು) ತೋರಿಸಿದ್ದಾರೆ, ಅದೂ ಈ ವಯಸ್ಸಿಗೆ ಬೇಡ. ಜರ್ಮನಿಯಲ್ಲಿ 2024-25ರ ಋತುವಿನಿಂದ ಅತಿ ಚಿಕ್ಕವರಿಗೆ ಇಬ್ಬರಿಗಿಬ್ಬರು ಅಥವಾ ಮೂವರಿಗೆ ಮೂವರು, ನಾಲ್ಕು ಚಿಕ್ಕ ಗೋಲುಗಳ ಆಟವೇ ಕಡ್ಡಾಯ. ನಮ್ಮಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ (ಎಐಎಫ್ಎಫ್) 2018ರಲ್ಲಿ ಶುರುಮಾಡಿದ ಗೋಲ್ಡನ್ ಬೇಬಿ ಲೀಗ್‌ನದೂ ಅದೇ ದಾರಿಯಾಗಿತ್ತು: ಚಿಕ್ಕವರಿಗೆ ಚಿಕ್ಕ ಮೈದಾನ, ಕಡಿಮೆ ಆಟಗಾರರು.

ಇದೇ ಸಾಮಾನಿನಿಂದ, ಮಕ್ಕಳು ಮನೆಯಿಂದ ಒಂದೊಂದು ಚೆಂಡು ತಂದರೆ, 45 ನಿಮಿಷದ ಒಳ್ಳೆಯ ಪಾಠ ಮಾಡಬಹುದು. ಆಟಗಳನ್ನು ಹೊರಗಿನಿಂದ ತರಬೇಕಾಗಿಲ್ಲ, ನಮ್ಮ ಬೀದಿಯಲ್ಲೇ ಇವೆ.

ಮೊದಲ ಹತ್ತು ನಿಮಿಷ ಕೆರೆ-ದಡ. ಕೋನ್‌ಗಳಿಂದ ಉದ್ದದೊಂದು ಗೆರೆ ಮಾಡಿ, ಎಲ್ಲರೂ ಚೆಂಡಿನೊಂದಿಗೆ ದಡದಲ್ಲಿ. ‘ಕೆರೆ’ ಎಂದಾಗ ಪಾದದ ಅಡಿಯಿಂದ ಚೆಂಡು ಉರುಳಿಸಿ ಗೆರೆ ದಾಟಿಸಿ ನಿಲ್ಲಿಸಬೇಕು, ‘ದಡ’ ಎಂದಾಗ ಹಿಂದಕ್ಕೆ ಎಳೆದುಕೊಳ್ಳಬೇಕು. ಚೆಂಡು ನಿಲ್ಲಿಸುವುದು, ಎಳೆಯುವುದು, ತಿರುಗುವುದು ಮೂರೂ ಇದರಲ್ಲೇ ಬರುತ್ತವೆ. ತಪ್ಪಿದವರನ್ನು ಔಟ್ ಮಾಡಬೇಡಿ, ಹೆಚ್ಚು ಅಭ್ಯಾಸ ಬೇಕಾಗಿರುವುದು ಅವರಿಗೇ. ಆಮೇಲೆ ‘ಬಣ್ಣ ಬಣ್ಣ, ಯಾವ ಬಣ್ಣ?’ ಮಕ್ಕಳು ಚೌಕದೊಳಗೆ ಡ್ರಿಬಲ್ ಮಾಡುತ್ತಾ (ಚೆಂಡನ್ನು ಕಾಲಿನಿಂದ ತಟ್ಟಿಕೊಂಡು ಓಡುತ್ತಾ) ಕೇಳುತ್ತಾರೆ, ಕೋಚ್ ಬಾಯಲ್ಲಿ ಹೇಳದೆ ಒಂದು ಕೋನ್ ಎತ್ತಿ ಹಿಡಿಯುತ್ತಾರೆ, ಆ ಬಣ್ಣದ ಮೂಲೆಗೆ ಚೆಂಡು ಒಯ್ಯಬೇಕು. ನೋಡಬೇಕೆಂದರೆ ತಲೆ ಎತ್ತಲೇಬೇಕು. ‘ತಲೆ ಎತ್ತು, ತಲೆ ಎತ್ತು’ ಎಂದು ಕಿರುಚುವ ಅಗತ್ಯವೇ ಬೀಳುವುದಿಲ್ಲ.

ಮೂರು ನಿಮಿಷ ನೀರು. ನಂತರ ಲಗೋರಿ: ನಾಲ್ಕು ಕೋನ್ ಒಂದರ ಮೇಲೊಂದು ಕವುಚಿಟ್ಟು, ನಡುವೆ ಸಣ್ಣ ಕಲ್ಲೋ ಅರ್ಧ ತುಂಬಿದ ಬಾಟಲಿಯೋ ಇಟ್ಟು ಎತ್ತರ ಮಾಡಿ. ನಾಲ್ಕು ಹೆಜ್ಜೆ ದೂರದಿಂದ ಪಾದದ ಒಳಬದಿಯಿಂದ ಚೆಂಡು ಉರುಳಿಸಿ ಬೀಳಿಸಬೇಕು. ಚೆಂಡು ಗಾಳಿಗೆ ಏರಿದರೆ ಮಗು ಹಿಂದಕ್ಕೆ ವಾಲಿದೆ ಎಂದರ್ಥ. ಪಕ್ಕಕ್ಕೆ ಹೋದರೆ ನಿಂತ ಕಾಲಿನ ಬೆರಳು ಬೇರೆ ಕಡೆ ತಿರುಗಿದೆ. ‘ನಿಂತ ಕಾಲು ಚೆಂಡಿನ ಪಕ್ಕಕ್ಕೆ, ಬೆರಳು ಲಗೋರಿ ಕಡೆಗೆ’ ಎಂದು ಒಂದೇ ವಾಕ್ಯ ಹೇಳಿದರೆ ಸಾಕು. ಇಬ್ಬರಿಗೊಂದು ಲಗೋರಿ ಇರಲಿ, ಸಾಲು ಬೇಡ.

ಉಳಿದ ಇಪ್ಪತ್ತು ನಿಮಿಷ ಪಂದ್ಯ, ಇದನ್ನು ಯಾವ ಕಾರಣಕ್ಕೂ ಕತ್ತರಿಸಬೇಡಿ. 20 ಹೆಜ್ಜೆ ಉದ್ದ, 15 ಹೆಜ್ಜೆ ಅಗಲದ ಎರಡು ಅಂಕಣ, ಮೂವರಿಗೆ ಮೂವರು. ಒಂದರಲ್ಲಿ ಚಿಕ್ಕ ಗೋಲು ಎರಡೂ, ಇನ್ನೊಂದರಲ್ಲಿ ಎರಡು ಹೆಜ್ಜೆ ಅಂತರದ ಕೋನ್ ಬಾಗಿಲುಗಳು. ಹತ್ತು ನಿಮಿಷಕ್ಕೆ ಅದಲು ಬದಲು. ಅಂಕಣಕ್ಕೆ ಮೂರರಂತೆ ಆರು ಬಿಬ್ ಸರಿಯಾಗಿ ಸಾಲುತ್ತವೆ. ಚೆಂಡು ಹೊರಗೆ ಹೋದರೆ ಥ್ರೋ ಬೇಡ, ಅಂಚಿನಲ್ಲಿ ನಿಂತ ದೊಡ್ಡವರು ಇನ್ನೊಂದು ಚೆಂಡನ್ನು ಒಳಗೆ ಉರುಳಿಸಲಿ. ಆರೂ ಮಕ್ಕಳು ಬೆಲ್ಲಕ್ಕೆ ಮುತ್ತಿದ ಇರುವೆಗಳಂತೆ ಚೆಂಡಿನ ಸುತ್ತ ಸೇರುತ್ತಾರೆ. ಸೇರಲಿ, ಆ ವಯಸ್ಸೇ ಹಾಗೆ. ಹೊರಗಿನಿಂದ ‘ಹರಡಿ ನಿಲ್ಲಿ’ ಎಂದು ಕೂಗಿದರೆ ಒಂದಿಬ್ಬರು ಹೆದರಿ ದೂರ ನಿಂತು ಚೆಂಡೇ ಮುಟ್ಟದೆ ಮನೆಗೆ ಹೋಗುತ್ತಾರೆ. ಮಾತಾಡಲು ಕರೆದಾಗ ಬಿಸಿಲಿಗೆ ಮುಖ ಮಾಡುವವರು ಕೋಚ್ ಆಗಿರಬೇಕು, ಮಕ್ಕಳಿಗೆ ಸೂರ್ಯ ಬೆನ್ನಿಗಿರಲಿ. ಮಾತು ಇಪ್ಪತ್ತು ಸೆಕೆಂಡ್ ದಾಟಬಾರದು.

ಕಿಟ್‌ನಲ್ಲಿ ಇಲ್ಲದ್ದು ಶಿನ್ ಗಾರ್ಡ್, ಅಂದರೆ ಮೊಣಕಾಲಿನ ಕೆಳಗಿನ ಮುಂಭಾಗಕ್ಕೆ ಕಟ್ಟುವ ರಕ್ಷಾಕವಚ. ಪಂದ್ಯದ ನಿಯಮದಲ್ಲಿ ಕಡ್ಡಾಯ, ಅಭ್ಯಾಸದಲ್ಲೂ ಹಾಕಿಸಿ. ವಯಸ್ಸಲ್ಲ, ಎತ್ತರ ನೋಡಿ ಕೊಳ್ಳಬೇಕು; ಕಾಲುಚೀಲದೊಳಗೆ ಕೂರಬೇಕು, ಮಂಡಿ ಮಡಚಿದಾಗ ತಾಗಬಾರದು. ಬೂಟಿಗೆ ಮೊದಲ ವರ್ಷ ದುಡ್ಡು ಸುರಿಯಬೇಕಾಗಿಲ್ಲ. ಶಾಲೆಯ ಬಿಳಿ ಕ್ಯಾನ್ವಾಸ್ ಶೂ ಮಣ್ಣಿಗೂ ಟರ್ಫಿಗೂ ನಡೆಯುತ್ತದೆ, ಅಡಿಯಲ್ಲಿ ಉದ್ದ ಸ್ಟಡ್ (ಗುಬ್ಬಿ) ಇರುವ ಬೂಟು ಟರ್ಫಿನಲ್ಲಿ ಸಿಕ್ಕಿ ಮೊಣಕಾಲು ತಿರುಚಬಹುದು. ‘ನಮ್ಮವರು ಬರಿಗಾಲಲ್ಲೇ ಒಲಿಂಪಿಕ್ಸ್ ಆಡಿದವರು’ ಎಂದು ಹಿರಿಯರು ಹೇಳುವುದು ನಿಜ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಹೆಚ್ಚಿನ ಆಟಗಾರರು ಬರಿಗಾಲಲ್ಲೇ ಇದ್ದರು, ಫ್ರಾನ್ಸ್ ಎದುರು ಭಾರತದ ಗೋಲು ಹೊಡೆದದ್ದು ಬೆಂಗಳೂರಿನ ಸಾರಂಗಪಾಣಿ ರಾಮನ್. ಆದರೆ ಅವರು ಆಡಿದ್ದು ಹುಲ್ಲಿನ ಮೇಲೆ. ಕೃತಕ ಟರ್ಫ್ ಮಧ್ಯಾಹ್ನದ ಬಿಸಿಲಿಗೆ ಕಾದ ಕಾವಲಿಯಾಗುತ್ತದೆ, ಮಕ್ಕಳ ಅಂಗಾಲಿಗೆ ಬೊಬ್ಬೆ ಬರುತ್ತದೆ. ಬೆಳಿಗ್ಗೆ ಒಂಬತ್ತರೊಳಗೆ ಇಲ್ಲವೇ ಸಂಜೆ ನಾಲ್ಕೂವರೆಯ ಮೇಲೆ ಸಮಯ ಇಟ್ಟುಕೊಳ್ಳಿ.

ಹಾಗಾದರೆ ಕೊಳ್ಳಬೇಕೇ? ಅಪಾರ್ಟ್‌ಮೆಂಟಿನ ಪೋಷಕರಾಗಲಿ, ಶಾಲೆಯ ಪಿ.ಟಿ. ಮೇಷ್ಟ್ರಾಗಲಿ, ಅದೇ 3500 ರೂಪಾಯಿ ಕೈಯಲ್ಲಿದ್ದರೆ ಬಿಡಿಬಿಡಿಯಾಗಿ ಕೊಳ್ಳುವುದೇ ಲೇಸು. ಸೈಜ್ 3 ರಬ್ಬರ್ ಚೆಂಡು ಆರಕ್ಕೆ ಸುಮಾರು 2400, ಹಳದಿ-ನೀಲಿ ಕೋನ್ ಇಪ್ಪತ್ತನಾಲ್ಕಕ್ಕೆ 300, ಬಿಬ್ ಆರಕ್ಕೆ 500, ಪಂಪು ಮತ್ತು ಐದು ಪಿನ್‌ಗೆ 250. ಚೌಕಾಸಿಗೆ ತಕ್ಕಂತೆ ನೂರಿನ್ನೂರು ಹೆಚ್ಚುಕಡಿಮೆ ಆಗಬಹುದು. ಗೋಲಿಗೆ ಕೋನ್ ಬಾಗಿಲು ಸಾಕು, ಮುಂದಿನ ಕಂತಿನಲ್ಲಿ ಮಡಚುವ ಗೋಲು ತರಬಹುದು. ಹನ್ನೆರಡು ಮನೆಗಳಲ್ಲಿ ಆರರಲ್ಲಾದರೂ ಒಂದು ಚಿಕ್ಕ ಚೆಂಡು ಇದ್ದೇ ಇರುತ್ತದೆ, ಅದನ್ನು ತರಿಸಿಕೊಳ್ಳಿ. ಈಗಾಗಲೇ ಕಿಟ್ ತಂದಿದ್ದರೆ ಲ್ಯಾಡರಿನ ಪಟ್ಟಿಗಳನ್ನು ಬಿಚ್ಚಿ ಅಂಕಣದ ಗೆರೆಗೆ ಹಾಸಿ, ಹರ್ಡಲ್‌ಗಳನ್ನು ಶಾಲೆಯ ಓಟದ ಅಭ್ಯಾಸಕ್ಕೆ ಕೊಟ್ಟುಬಿಡಿ.

ಮಳೆಗಾಲದಲ್ಲಿ, ಅದರಲ್ಲೂ ಮಲೆನಾಡು ಮತ್ತು ಕರಾವಳಿಯಲ್ಲಿ, ಚೀಲವನ್ನು ಒದ್ದೆಯಾಗಿಯೇ ಕಟ್ಟಿಟ್ಟರೆ ಬಿಬ್‌ಗಳಿಗೆ ಬೂಷ್ಟು ಹತ್ತುತ್ತದೆ, ಚೆಂಡಿನ ಹೊಲಿಗೆಯ ದಾರ ಕೊಳೆಯುತ್ತದೆ, ಗೋಲಿನ ತಂತಿ ಬಟ್ಟೆಯ ಒಳಗೇ ತುಕ್ಕು ಹಿಡಿಯುತ್ತದೆ. ಚೆಂಡನ್ನು ಒಣಬಟ್ಟೆಯಿಂದ ಒರೆಸಿ, ಸ್ವಲ್ಪ ಗಾಳಿ ಇಳಿಸಿ, ಒಲೆಯ ಹತ್ತಿರವಲ್ಲ, ಫ್ಯಾನಿನ ಕೆಳಗೆ ಒಂದು ರಾತ್ರಿ ಬಿಡಿ. ಚೀಲದ ತಳಕ್ಕೆ ಹಳೆಯ ಪೇಪರ್ ಹಾಸಿ, ವಾರಕ್ಕೊಮ್ಮೆ ಬದಲಿಸಿ.